ರಾಜಂ ಕಾಗದ ಬರೆದನೇ?

ಹೋದ ಮಳೆಗಾಲದ ಒಂದು ಮಧ್ಯಾಹ್ನ, ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ನಾನು ಪಾಠ ಮಾಡಲಿಲ್ಲ. ಗಾಳಿಮಳೆಯ ದೆಸೆಯಿಂದ ಅರ್ಧ ತರಗತಿ ಬಂದಿರಲಿಲ್ಲ. ಬಂದವರು ತೊಯ್ದು ಮುದ್ದೆಯಾಗಿದ್ದರು. ಕಥಾಸಾಹಿತ್ಯದಲ್ಲಿ ಮುಕ್ತಾಯದ ಸ್ವರೂಪ ಎಂಬ ವಿಷಯವಾಗಿ ನಾನು ಹಿಂದಿನ ರಾತ್ರಿ ಬರೆದುಕೊಂಡಿದ್ದ ಟಿಪ್ಪಣಿಯನ್ನು ಆ ಒದ್ದೆ ಮುಖಗಳ ಮುಂದೆ ಓದಲು ನನಗೇ ಸಂಕೋಚವಾಯಿತು. ಅದಕ್ಕೆ ಬದಲಾಗಿ, ಕಾಲೇಜಿನ ಯಂತ್ರದಿಂದ ಗೋಡೆಯ ಮೇಲೆ ಬೆಳಕು ಬಿಟ್ಟು, ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಶಾಲೆಯ ಹುಡುಗ ಸ್ವಾಮಿಯ ಕಥೆ ಮುಗಿಯುವ ಕಂತನ್ನು ತೋರಿಸಿದೆ. ರೈಲು ಹೋಯಿತು, ಹುಡುಗ ಉಳಿದ, ಎಲ್. ವೈದ್ಯನಾಥನ್ ಅವರ ಆ ಪರಿಚಿತ ರಾಗ ಬಂದು ಹೆಸರುಗಳು ಸರಿದುವು. ದೀಪ ಹಾಕಿದೆ. ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: “ಸರ್, ಇಷ್ಟೇಯಾ?”

ಈ ‘ಇಷ್ಟೇಯಾ’ ಎಂಬ ಮಾತನ್ನು ನಾನು ಅದಕ್ಕೂ ಮೊದಲು ಒಮ್ಮೆ ಕೇಳಿದ್ದೆ. ಅದನ್ನು ಹೇಳುವ ಮುನ್ನ ಕಥೆಯನ್ನು ಮರೆತಿರಬಹುದಾದ ವಾಚಕರಿಗಾಗಿ ನಾಲ್ಕು ಮಾತು.

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ 1935ರಲ್ಲಿ, ಗ್ರಹಾಂ ಗ್ರೀನರ ನೆರವಿನಿಂದ, ಇಂಗ್ಲೆಂಡಿನಲ್ಲಿ ಅಚ್ಚಾಯಿತು. 1980ರ ದಶಕದ ಉತ್ತರಾರ್ಧದಲ್ಲಿ ನಮ್ಮ ಕರಾವಳಿಯವರೇ ಆದ, ಹೊನ್ನಾವರದ ಕಡೆಯ ಶಂಕರನಾಗ್ ಅದನ್ನು ದೂರದರ್ಶನದ ಧಾರಾವಾಹಿಯಾಗಿ ಮಾಡಿದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ. ಗಿರೀಶ ಕಾರ್ನಾಡರು ಅವನ ತಂದೆಯಾದರು. ಕಥೆಯ ಬಹುಭಾಗ ತುಂಟಾಟ, ಹೋಂವರ್ಕು, ಬೆತ್ತ, ಕ್ರಿಕೆಟ್ಟು. ನಗುತ್ತಲೇ ಸಾಗುವ ಕಥೆ ಕೊನೆಯಲ್ಲಿ ಮಾತ್ರ ಥಟ್ಟನೆ ತಿರುಗಿಕೊಳ್ಳುತ್ತದೆ. ಸ್ವಾಮಿ ಹೆಡ್‌ಮಾಸ್ತರರಿಗೆ ಹೆದರಿ ಊರು ಬಿಟ್ಟು ಓಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಗೆಳೆಯ ರಾಜಂ ಕಷ್ಟಪಟ್ಟು ಏರ್ಪಡಿಸಿದ್ದ ಕ್ರಿಕೆಟ್ ಪಂದ್ಯ ತಪ್ಪಿಹೋಗುತ್ತದೆ. ರಾಜಂ ಮಾತು ಬಿಡುತ್ತಾನೆ. ಅಷ್ಟರಲ್ಲಿ ಪೋಲೀಸ್ ಅಧಿಕಾರಿಯಾದ ಅವನ ತಂದೆಗೆ ವರ್ಗವಾಗುತ್ತದೆ. ಬೆಳಗಿನ ಜಾವ ಸ್ವಾಮಿ ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ರೈಲು ನಿಲ್ದಾಣಕ್ಕೆ ಬರುತ್ತಾನೆ. ಮಾತನಾಡಿಸಲು ಧೈರ್ಯ ಸಾಲದು. ಗಾಡಿ ಹೊರಟಾಗ ಇನ್ನೊಬ್ಬ ಗೆಳೆಯ ಮಣಿ ಆ ಪುಸ್ತಕವನ್ನು ರಾಜಂನ ಕೈಗೆ ಮುಟ್ಟಿಸುತ್ತಾನೆ. ರಾಜಂ ಏನನ್ನೋ ಹೇಳುತ್ತಾನೆ. ಗಾಡಿಯ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ.

ನಾರಾಯಣರು ಅಲ್ಲಿಗೂ ಬಿಡುವುದಿಲ್ಲ. ಕಾದಂಬರಿಯಲ್ಲಿ ಸ್ವಾಮಿ, ರಾಜಂ ತನಗೆ ಕಾಗದ ಬರೆಯುವನೇ ಎಂದು ಮಣಿಯನ್ನು ಕೇಳುತ್ತಾನೆ. ಬರೆಯುತ್ತಾನೆ ಎಂದು ಮಣಿ. ವಿಳಾಸವೇ ಅವನ ಬಳಿ ಇಲ್ಲವಲ್ಲ ಎಂದು ಸ್ವಾಮಿ. ಕೊಟ್ಟಿದ್ದೇನೆ ಎಂದು ಮಣಿ. ಹಾಗಾದರೆ ಹೇಳು ನೋಡೋಣ ಎಂದರೆ ಮಣಿ ಹೇಳಲೊಲ್ಲ. ಇವನು ನಿಜ ಹೇಳುತ್ತಿದ್ದಾನೋ ಆಟವಾಡಿಸುತ್ತಿದ್ದಾನೋ ಎಂದು ಸ್ವಾಮಿ ಅವನ ಮುಖ ನೋಡುತ್ತಾನೆ. ಆ ಮುಖದಿಂದ ಏನೂ ತಿಳಿಯುವುದಿಲ್ಲ. ಕಾದಂಬರಿ ಮುಗಿಯಿತು.

ಸಾಲಿಗ್ರಾಮದಲ್ಲಿ ನಾವು ಇದನ್ನು ನೋಡಿದ್ದು ನೆರೆಮನೆಯ ಜಗಲಿಯಲ್ಲಿ. ಮೊದಲ ಪ್ರಸಾರದಲ್ಲಿ ನಾನು ತೀರ ಚಿಕ್ಕವನು. ಕಂತುಗಳ ಪೈಕಿ ಕೆಲವು ಮಾತ್ರ ನೆನಪಿನಲ್ಲಿವೆ. ಕೊನೆಯ ಕಂತು ನನ್ನ ಪಾಲಿಗೆ ಬಂದದ್ದು ಕೆಲವು ವರ್ಷ ಕಳೆದು, ಮರುಪ್ರಸಾರದಲ್ಲಿ. ಆಗ ನಾನು ಎಂಟನೆಯ ತರಗತಿ. ಟಿ.ವಿ. ಕಪ್ಪು-ಬಿಳುಪಿನದು. ಹೆಂಚಿನ ಮಾಡಿನ ಮೇಲೆ ಕಬ್ಬಿಣದ ಕೊಳವೆಗೆ ಕಟ್ಟಿದ ಆಂಟೆನಾ. ಕಾಗೆ ಬಂದು ಕೂತರೆ ಚಿತ್ರ ಹೋಗುವುದು, ಹಾರಿದರೆ ಬರುವುದು. ಒಬ್ಬ ಹುಡುಗ ಅಂಗಳದಲ್ಲಿ ಕೊಳವೆ ತಿರುಗಿಸುತ್ತ “ಬಂತಾ?” ಎನ್ನುವುದು, ಒಳಗಿನವರೆಲ್ಲ ಒಕ್ಕೊರಲಿನಿಂದ “ಬಂತ್, ಬಂತ್… ಹೋಯ್ತ್!” ಎನ್ನುವುದು — ಇದು ಪ್ರತಿ ಕಂತಿಗೂ ನಾಂದಿಯಾಗಿತ್ತು.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದು. ಧಾರಾವಾಹಿ ಹಿಂದಿಯಲ್ಲಿತ್ತು. ಜಗಲಿಯಲ್ಲಿ ಕುಳಿತ ಹದಿನೈದು ಮಂದಿಯಲ್ಲಿ ಹಿಂದಿ ಬಲ್ಲವರು ಒಬ್ಬರೂ ಇರಲಿಲ್ಲ. ಆದರೆ ಗೋಡೆ, ಕಂಬ, ಅಂಗಳ, ತುಳಸಿಕಟ್ಟೆ ಎಲ್ಲವೂ ನಮ್ಮವು. ಆಗುಂಬೆಯ ದೊಡ್ಡಮನೆಯಲ್ಲಿ ಚಿತ್ರೀಕರಿಸಿದ್ದರಿಂದ, ಘಟ್ಟ ಹತ್ತಿದರೆ ಸಿಕ್ಕುವ ನೆಂಟರ ಮನೆಯೊಳಗೆ ಯಾರೋ ಬಂದು ಹಿಂದಿಯಲ್ಲಿ ಮಾತನಾಡುತ್ತಿದ್ದಾರೆ ಎಂಬಂತೆ ನಾವು ನೋಡುತ್ತಿದ್ದೆವು. ಇನ್ನು ‘ಮಣಿ’ ಎಂಬ ಹೆಸರು. ನಮ್ಮ ಕಡೆ ಹುಡುಗನಿಗೆ ‘ಮಾಣಿ’ ಎನ್ನುತ್ತಾರಷ್ಟೆ. ನನ್ನ ಅಜ್ಜಿ ಕಡೆಯವರೆಗೂ ಅದು ಹೆಸರೆಂದು ಒಪ್ಪಲಿಲ್ಲ. ಆ ಧಾರಾವಾಹಿಯಲ್ಲಿ ಒಬ್ಬ ಹುಡುಗನಿಗೆ ಮಾತ್ರ ಹೆಸರೇ ಇಡದೆ ಎಲ್ಲರೂ ಮಾಣಿ, ಮಾಣಿ ಎಂದೇ ಕರೆಯುತ್ತಾರೆ, ಪಾಪ ಎಂದು ಅವಳ ತಿಳಿವಳಿಕೆ.

ಕೊನೆಯ ಕಂತು ಮುಗಿದಾಗ ಜಗಲಿ ಸುಮ್ಮನಾಯಿತು. ಅಂಗಳದಿಂದ ಕೊಳವೆಯ ಹುಡುಗ, ಚಿತ್ರ ಹೋಯಿತೆಂದು ತಿಳಿದು, “ಬಂತಾ?” ಎಂದು ಕೂಗಿದ. ಯಾರೂ ಉತ್ತರ ಕೊಡಲಿಲ್ಲ. ಆಗ ಅಜ್ಜಿ ಕೇಳಿದಳು: “ಇಷ್ಟೇಯಾ? ಆ ಮಾಣಿ ಕಾಗ್ದ ಬರಿತ್ನಾ ಇಲ್ಯಾ, ಮಾಷ್ಟ್ರೇ?”

ಕೇಳಿದ್ದು ನಿವೃತ್ತ ಶಾಲಾಮಾಸ್ತರರೊಬ್ಬರನ್ನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಅಕ್ಷರ ಹೇಳಿದವರು. ಅವರ ಒಬ್ಬನೇ ಮಗ ಮುಂಬಯಿಯಲ್ಲಿದ್ದ. “ಬರೀದೆ ಎಂತ? ಬರಿತ. ಪೋಲೀಸ್ರ ಮಗ ಅಲ್ದಾ, ಇಂಕಿಗೆ ಬರವಾ?” ಎಂದು ಅವರು ಎದ್ದು ಶಾಲು ಹೊದ್ದುಕೊಂಡರು. ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಒಬ್ಬರು ಒಪ್ಪಲಿಲ್ಲ. “ಬಸ್ ಹತ್ದವ್ರ್ ಯಾರೂ ತಿರ್ಗಿ ಕಾಂಬುದಿಲ್ಲೆ” ಎಂದರು. ನೆರೆಮನೆಯ ಅತ್ತೆಯ ಕೋಪ ಶಂಕರನಾಗರ ಮೇಲೆ: ಇಷ್ಟು ವಾರ ನಗಿಸಿ ಕಡೆಗೆ ಹೀಗೆ ಮಾಡಬಹುದೆ? ಆಟದವರಾದರೆ ಮಂಗಳ ಹಾಡದೆ ಮನೆಗೆ ಕಳುಹಿಸುತ್ತಾರೆಯೆ?

ಆ ಮಾತಿನಲ್ಲಿ ಹುರುಳಿತ್ತು. ಸಾಲಿಗ್ರಾಮ ಯಕ್ಷಗಾನದ ಊರು. ಒಂದು ಮೇಳ ಈ ಊರಿನ ಹೆಸರನ್ನೇ ಹೊತ್ತು ತಿರುಗಾಟ ಹೋಗುತ್ತದೆ, 1970ರ ದಶಕದಲ್ಲಿ ಮಕ್ಕಳ ಮೇಳವೂ ಇಲ್ಲಿ ಹುಟ್ಟಿತು. ಕಾಲಮಿತಿಯ ಪ್ರಯೋಗಗಳು ಬರುವ ಮೊದಲು ಆಟವೆಂದರೆ ಇಡೀ ರಾತ್ರಿಯದು. ಪ್ರಸಂಗದಲ್ಲಿ ಯಾರು ಸತ್ತರೂ, ಯಾವ ವಂಶ ಅಳಿದರೂ, ಬೆಳಕು ಹರಿಯುವಾಗ ಭಾಗವತರು ಮಂಗಳ ಹಾಡುತ್ತಾರೆ. ಪ್ರೇಕ್ಷಕ ಚಾಪೆ ಸುತ್ತಿಕೊಂಡು ಏಳುತ್ತಾನೆ. ದಾರಿಯಲ್ಲಿ ಅವನು ಅರ್ಥಗಾರಿಕೆಯನ್ನು ಬಯ್ಯಬಹುದು, ಕುಣಿತವನ್ನು ಹೊಗಳಬಹುದು. ಕಥೆ ಮುಗಿಯಿತೇ ಇಲ್ಲವೇ ಎಂಬ ಅನುಮಾನ ಮಾತ್ರ ಅವನನ್ನು ಕಾಡುವುದಿಲ್ಲ. ಅಂಥ ಪ್ರೇಕ್ಷಕರ ಮುಂದೆ ನಾರಾಯಣರು ಒಂದು ಕಥೆಯನ್ನು, ಮಂಗಳವಿಲ್ಲದೆ, ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಬಿಟ್ಟು ನಡೆದಿದ್ದರು.

ನಾನು ಆ ಚರ್ಚೆ ಮುಗಿಯುವವರೆಗೆ ಇರಲಿಲ್ಲ. ಅಜ್ಜಿಯ ಪ್ರಶ್ನೆ ಕಿವಿಗೆ ಬಿದ್ದೊಡನೆ ಎದ್ದು ಹೊರಗೆ ಹೋದೆ. ಕಾರಣವನ್ನು ಈಗ ಹೇಳಬಹುದು. ಮೂವತ್ತು ವರ್ಷ ದಾಟಿತು.

ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷ ನನ್ನ ಬದಿಯಲ್ಲಿ ಕುಳಿತವನೊಬ್ಬನಿದ್ದ. ಏಳನೆಯ ತರಗತಿಯ ವಾರ್ಷಿಕೋತ್ಸವಕ್ಕೆ ಬಬ್ರುವಾಹನ ಕಾಳಗದ ಒಂದು ತುಂಡನ್ನು ಕಲಿತಿದ್ದೆವು. ನಾನು ಬಬ್ರುವಾಹನ, ಅವನು ಅರ್ಜುನ. ಎರಡು ತಿಂಗಳ ಅಭ್ಯಾಸ. ಆ ಸಂಜೆ ಅವನು ಬರಲಿಲ್ಲ. ಅರ್ಥ ಬಾರದ ಇನ್ನೊಬ್ಬ ಹುಡುಗನಿಗೆ ಕಿರೀಟ ಕಟ್ಟಿ ನಿಲ್ಲಿಸಿದರು. ನಾನು “ಪಿತನೇ” ಎಂದು ಕಾಲು ಹಿಡಿದರೆ ಅವನು ಏನು ಹೇಳಬೇಕೆಂದು ತಿಳಿಯದೆ “ಆಯ್ತು” ಎಂದ. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಗೆಳೆಯನೊಡನೆ ಮಾತು ಬಿಟ್ಟೆ.

ಆ ದಿನ ಅವನನ್ನು ಕುಂದಾಪುರಕ್ಕೆ ಕರೆದೊಯ್ದಿದ್ದರು. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರೊಬ್ಬರು ಊರಿಗೆ ಬಂದಿದ್ದರು, ಹುಡುಗನನ್ನು ತೋರಿಸಲೆಂದು. ಇದು ನನಗೆ ವಾರದೊಳಗೆ ತಿಳಿಯಿತು, ಆದರೂ ಮಾತನಾಡಲಿಲ್ಲ. ಪರೀಕ್ಷೆ ಮುಗಿಯಿತು. ಹೊರಡುವ ಹಿಂದಿನ ಸಂಜೆ ಅವನು ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತ. ನಾನು ಒಳಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕದಲ್ಲೇ ಇದ್ದೆ. ಅಮ್ಮ ಕಾಫಿ ಕೊಟ್ಟಳು, ಅವನು ಕುಡಿದ, ಲೋಟವನ್ನು ತೊಳೆದು ಕವುಚಿಟ್ಟ, ಸ್ವಲ್ಪ ಹೊತ್ತು ನಿಂತ, ಹೋದ. ನಮ್ಮ ಕಡೆಯಿಂದ ಆ ವಯಸ್ಸಿನಲ್ಲಿ ಹಾಗೆ ಹೋದವರ ಲೆಕ್ಕ ಯಾರಿಟ್ಟಿದ್ದಾರೆ? ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಬೆಳೆದದ್ದು ಹಗಲು ಹೋಟೆಲುಗಳಲ್ಲಿ ಲೋಟ ತೊಳೆದ ಇಂಥ ಹುಡುಗರಿಂದ.

ಕೊನೆಯ ಕಂತನ್ನು ನೋಡುವಾಗ ಜಗಲಿಯಲ್ಲಿದ್ದವರೆಲ್ಲ ಸ್ವಾಮಿಯ ಪಕ್ಷ. ಪ್ಲಾಟ್‌ಫಾರ್ಮಿನಲ್ಲಿ ಉಳಿದವನ ಪಕ್ಷ ವಹಿಸುವುದು ಸುಲಭ. ನಾನೂ ಊರಲ್ಲಿ ಉಳಿದವನೇ; ಆದರೆ ನಾನು ಸ್ವಾಮಿಯಲ್ಲ, ರಾಜಂ ಎಂದು ನನಗೆ ಗೊತ್ತಿತ್ತು. ಅವನು ಕಾಗದ ಬರೆಯುವನೇ ಎಂದು ಕೇಳಿದ ಅಜ್ಜಿಗೆ ಉತ್ತರ ಹೇಳಬಲ್ಲವನು ಆ ಜಗಲಿಯಲ್ಲಿ ನಾನೊಬ್ಬನೇ ಇದ್ದೆ.

ಇರಲಿ. ಎಂ.ಎ. ಓದುವಾಗ ಮೈಸೂರಿನಲ್ಲಿ ಆ ಕಾದಂಬರಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ನಾರಾಯಣರ ಇತರ ಪುಸ್ತಕಗಳನ್ನೂ ಹುಡುಕಿಕೊಂಡು ಹೋದೆ. ಆಗ ತಿಳಿಯಿತು, ಹೀಗೆ ಬಿಟ್ಟುಹೋಗುವುದು ಈ ಮಹಾನುಭಾವರ ಅಭ್ಯಾಸವೆಂದು. 1958ರ ‘ದಿ ಗೈಡ್’ ಕಾದಂಬರಿಯಲ್ಲಿ ಮಳೆಗಾಗಿ ಉಪವಾಸ ಕೂತ ರಾಜು ಕೊನೆಗೆ ನೀರಿನಲ್ಲಿ ನಿಂತು, ಬೆಟ್ಟದಲ್ಲಿ ಮಳೆ ಬರುತ್ತಿದೆ ಎಂದು ಕುಸಿಯುತ್ತಾನೆ. ಮಳೆ ಬಂತೆ? ಅವನು ಸತ್ತನೆ? ನಾರಾಯಣರು ಹೇಳುವುದಿಲ್ಲ. 1965ರಲ್ಲಿ ಅದನ್ನು ಹಿಂದಿಯಲ್ಲಿ ಚಿತ್ರ ಮಾಡಿದ ವಿಜಯ್ ಆನಂದರು ಮಳೆಯನ್ನು ಸುರಿಸಿಯೇ ಬಿಟ್ಟರು. ಪ್ರೇಕ್ಷಕರು ತಣಿದರು. ನಾರಾಯಣರು ಆ ಚಿತ್ರವನ್ನು ಮೆಚ್ಚಲಿಲ್ಲ. ಅದರ ಮೇಲೆ ಒಂದು ಹಾಸ್ಯಭರಿತ ಪ್ರಬಂಧವನ್ನೇ ಬರೆದರು. ಆದರೆ ಪ್ರೇಕ್ಷಕರನ್ನು ತಪ್ಪೆನ್ನಲು ನನಗೆ ಮನಸ್ಸಾಗದು. ಎರಡೂವರೆ ಗಂಟೆಗೂ ಮೇಲೆ ಒಣನೆಲವನ್ನು ನೋಡಿದವನು ಒಂದು ಹನಿಯನ್ನು ಬೇಡಿದರೆ ಅದು ರಸಿಕತೆಯ ಕೊರತೆಯೆ?

ಬೇಡುವುದು ಹೊಸದೂ ಅಲ್ಲ, ಹಿಂದಿ ಚಿತ್ರಗಳ ಪ್ರೇಕ್ಷಕರಿಗೆ ಮೀಸಲಾದದ್ದೂ ಅಲ್ಲ. ಡಿಕನ್ಸ್ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ಗೆ ಮೊದಲು ಬರೆದ ಮುಕ್ತಾಯವನ್ನು ಮಿತ್ರನಾದ ಬುಲ್ವರ್ ಲಿಟ್ಟನ್‌ನ ಮಾತಿಗೆ ಓಗೊಟ್ಟು ಬದಲಾಯಿಸಿದ. ಭವಭೂತಿ, ಸೀತೆ ಭೂಮಿಗೆ ಇಳಿದು ಹೋಗುವುದನ್ನು ಸಹಿಸದೆ, ‘ಉತ್ತರರಾಮಚರಿತ’ದಲ್ಲಿ ಅವಳನ್ನು ರಾಮನಿಗೆ ಮರಳಿ ಕೂಡಿಸಿದ, ಅವನು ಕವಿಯಾಗುವ ಮೊದಲು ವಾಲ್ಮೀಕಿಯ ಓದುಗನಷ್ಟೆ. ನಮ್ಮಲ್ಲೇ ನೋಡಿ: ಕುಮಾರವ್ಯಾಸ ಭಾರತವನ್ನು ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಲ್ಲಿಸಿದ. ಯುದ್ಧ ಮುಗಿಯಿತು, ದುರ್ಯೋಧನ ಬಿದ್ದ, ಆಮೇಲೆ? ಈ ‘ಆಮೇಲೆ’ಯನ್ನು ತಡೆಯಲಾರದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಪೂರೈಸಿದ. ‘ಕೃಷ್ಣರಾಯ ಭಾರತ’ ಹುಟ್ಟಿದ್ದು ಹಾಗೆ. ಸಾಹಿತ್ಯ ಚರಿತ್ರೆಯ ಪಾಠದಲ್ಲಿ ನಾವು ಅದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತೇವೆ. ನನಗೀಗ ಅನ್ನಿಸುವುದು, ತಿಮ್ಮಣ್ಣ ಕವಿಯೂ ಒಂದು ಜಗಲಿಯಲ್ಲಿ ಕೂತು “ಇಷ್ಟೇಯಾ?” ಎಂದವನೇ. ವ್ಯತ್ಯಾಸ ಇಷ್ಟೆ: ಅವನು ಎದ್ದು ಹೋಗಿ ಓಲೆ ತೆಗೆದುಕೊಂಡ.

ಮತ್ತೆ ತರಗತಿಗೆ ಬರುತ್ತೇನೆ. “ಇಷ್ಟೇಯಾ?” ಎಂದ ಹುಡುಗನನ್ನು, ಹೇಗಿದ್ದರೆ ಸರಿಯಾಗುತ್ತಿತ್ತು ಎಂದು ಕೇಳಿದೆ. ಅವನು ತಡಮಾಡದೆ ಇನ್ನೊಂದು ಚಿತ್ರದ ಹೆಸರು ಹೇಳಿದ — ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ನಮ್ಮ ಕುಂದಾಪುರದ ಕಡೆಯ ರಿಷಬ್ ಶೆಟ್ಟಿಯವರು 2018ರಲ್ಲಿ ಮಾಡಿದ ಚಿತ್ರವದು; ಮರುವರ್ಷ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಗೆ ಆಯ್ಕೆಯಾಯಿತು. ಅಲ್ಲಿಯೂ ಶಾಲೆಯೇ ಕಥೆ, ಅಲ್ಲಿಯೂ ಮುಕ್ಕಾಲು ಪಾಲು ನಗೆಯೇ. ಕಾಸರಗೋಡಿನ ಕನ್ನಡ ಶಾಲೆಯೊಂದನ್ನು ಮುಚ್ಚುತ್ತಾರೆ, ಮಕ್ಕಳೂ ಊರವರೂ ಮೈಸೂರಿಗೆ ಹೋಗಿ ಒಬ್ಬ ಮಹಾಶಯರನ್ನು ಕರೆತರುತ್ತಾರೆ, ಅವರು ನ್ಯಾಯಾಲಯದಲ್ಲಿ ವಾದಿಸುತ್ತಾರೆ, ಶಾಲೆ ಉಳಿಯುತ್ತದೆ. ಆ ಮಹಾಶಯರ ಪಾತ್ರ ಅನಂತನಾಗ್ ಅವರದು. ತಮ್ಮ ಶಂಕರನಾಗ್ ಮಾಡಿದ ‘ಮಾಲ್ಗುಡಿ ಡೇಸ್’ನಲ್ಲಿ ಮಿಠಾಯಿ ಮಾರುವ ಜಗನ್ನಾಗಿದ್ದವರೂ ಇವರೇ. ಅಣ್ಣತಮ್ಮಂದಿರ ಎರಡು ಶಾಲೆಗಳು; ಒಂದು ಚಪ್ಪಾಳೆಯಲ್ಲಿ ಮುಗಿಯಿತು, ಒಂದು ಮೌನದಲ್ಲಿ.

ನಾನು ಆ ಚಿತ್ರವನ್ನು ತುಂಬಿದ ಚಿತ್ರಮಂದಿರದಲ್ಲಿ ನೋಡಿದೆ. ಕೊನೆಯ ವಾದಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಜೊತೆಗಿದ್ದ ಸಹೋದ್ಯೋಗಿಯೊಬ್ಬರಿಗೆ ಅದು ರುಚಿಸಲಿಲ್ಲ. ಅದುವರೆಗೆ ನೀರಿನಂತೆ ಹರಿದ ಕಥೆ ಭಾಷಣವಾಯಿತು ಎಂದರು. ವಿಮರ್ಶಕನಾಗಿ ನಾನು ಅವರ ಪಕ್ಷ. ಆದರೆ ನಾನೂ ಚಪ್ಪಾಳೆ ತಟ್ಟಿದೆ ಎಂಬುದನ್ನು ಮುಚ್ಚಿಡಲಾರೆ. ಕಾಸರಗೋಡಿನ ಕನ್ನಡಿಗರ ಕಥೆಗೆ ಹೊರಗಿನ ಲೋಕದಲ್ಲಿ ಇನ್ನೂ ಮಂಗಳ ಹಾಡಿಲ್ಲ. 1956ರ ನವೆಂಬರ್ 1ರಂದು ಆ ನಾಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕೆಂದಿತು. ಆ ವರದಿ ಕಾಗದದಲ್ಲೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ, ಬಾಳಿನ ಅರ್ಧಕ್ಕೂ ಹೆಚ್ಚನ್ನು ಈ ಬೇಡಿಕೆಗೇ ತೆತ್ತು, 2015ರಲ್ಲಿ ತೀರಿಹೋದರು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಶಾಸನ ಬಂದಾಗ ಅಲ್ಲಿಯ ಕನ್ನಡಿಗರು ಮತ್ತೆ ಬೀದಿಗಿಳಿದರು. ಹೊರಗೆ ಇಷ್ಟು ಕಾಲ ಬಾರದ ತೀರ್ಪು ಪರದೆಯ ಮೇಲೆ ಎರಡು ನಿಮಿಷದಲ್ಲಿ ಬಂದಾಗ ಕೈಗಳು ತಾವಾಗಿಯೇ ಕೂಡಿದರೆ ಏನಾಶ್ಚರ್ಯ? ಅಂದಿನ ಚಪ್ಪಾಳೆ ಚಿತ್ರದ ಗುಣಕ್ಕೆ ಸಂದದ್ದೆಷ್ಟೋ, ನಮಗೆ ದಕ್ಕದೆ ಹೋದದ್ದಕ್ಕೆ ಸಂದದ್ದೆಷ್ಟೋ, ಬೇರ್ಪಡಿಸಿ ತೂಗುವ ತಕ್ಕಡಿ ನನ್ನಲ್ಲಿಲ್ಲ.

ಇದನ್ನೇ ತರಗತಿಯಲ್ಲಿ ಹೇಳಿದೆ. ಮಾತಿಗೆ ಮಾತು ಬೆಳೆಯಿತು. ಮಳೆಯ ಸದ್ದಿಗೆ ಎಲ್ಲರೂ ಕೂಗಿಯೇ ಮಾತನಾಡಬೇಕಾಗಿತ್ತು. ಅದರಿಂದ ಸಂಕೋಚ ಸ್ವಲ್ಪ ಕಡಮೆಯಾಯಿತೆಂದು ತೋರುತ್ತದೆ. ಮೀನುಗಾರರ ಮನೆಯ ಹುಡುಗನೊಬ್ಬ, ಇವೆಲ್ಲ ಫೋನು ಇಲ್ಲದ ಕಾಲದ ತೊಂದರೆ, ಇಂದಾಗಿದ್ದರೆ ರೈಲು ಶಿವಮೊಗ್ಗ ದಾಟುವ ಮೊದಲೇ ಸಂದೇಶ ಬಂದಿರುತ್ತಿತ್ತು ಎಂದ. ಮಾಲ್ಗುಡಿಯನ್ನು ಅವನು ಶಿವಮೊಗ್ಗದ ಹತ್ತಿರ ಇಟ್ಟುಬಿಟ್ಟಿದ್ದ. ಯಾರೂ ತಿದ್ದಲಿಲ್ಲ, ತಿದ್ದಬೇಕಾದದ್ದೂ ಅಲ್ಲ. ಧಾರಾವಾಹಿಯ ರೈಲು ನಿಲ್ದಾಣ ಶಿವಮೊಗ್ಗ ಜಿಲ್ಲೆಯ ಅರಸಾಳಿನದು. ಆ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆಯವರೇ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜರೇ ಅದನ್ನು ಸಿಂಗರಿಸಿದರು. ಭೂಪಟದಲ್ಲಿಲ್ಲದ ಊರಿಗೆ ಹೀಗೊಂದು ನಿಲ್ದಾಣವಾದರೂ ದೊರಕಿತು.

ಇನ್ನೊಬ್ಬಳು ಫೋನಿನ ಮಾತನ್ನು ಒಪ್ಪಲಿಲ್ಲ. “ಫೋನಿದ್ದರೆ ಏನು ಸರ್? ಸಂದೇಶ ನೋಡಿದ್ದಾನೆಂದು ಗೊತ್ತಾಗುತ್ತದೆ, ಉತ್ತರ ಬರುವುದಿಲ್ಲ. ಅದು ಇನ್ನೂ ಕಷ್ಟ” ಎಂದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ಮತ್ತೊಬ್ಬ, ರಾಜಂ ಅಧಿಕಾರಿಯ ಮಗ, ಅವನ ಸ್ನೇಹದಲ್ಲಿ ಮೊದಲಿಂದಲೂ ಯಜಮಾನಿಕೆಯಿತ್ತು, ಅಂಥವನ ಕಾಗದಕ್ಕಾಗಿ ಸ್ವಾಮಿ ಕಾಯುವುದೇ ತಪ್ಪು ಎಂದು ವಾದಿಸಿದ. ಸಾಹಿತ್ಯ ವಿಮರ್ಶೆಯ ಪುಸ್ತಕಗಳಿಂದ ಕಲಿತ ಮಾತಲ್ಲ ಅದು. ಅವನ ದನಿಯಲ್ಲಿ ಎಲ್ಲಿಂದ ಕಲಿತದ್ದೆಂಬ ಸುಳಿವಿತ್ತು. ಬಹುಮಂದಿಗೆ ಕೋಪವಿದ್ದದ್ದು ಮಣಿಯ ಮೇಲೆ. ಮಣಿ ಸುಳ್ಳು ಹೇಳಿದ, ವಿಳಾಸ ಕೊಟ್ಟಿರಲಿಲ್ಲ. ಸುಳ್ಳು ಹೇಳದೆ ಏನು ಮಾಡಬೇಕಿತ್ತು ಎಂದು ಇನ್ನು ಕೆಲವರು. ಆಗ ನನಗೆ, ಶಾಲು ಹೊದ್ದುಕೊಂಡು ಎದ್ದ ಆ ಮಾಸ್ತರರ ಮುಖ ನೆನಪಾಯಿತು. “ಬರಿತ” ಎಂದವರು ಅಜ್ಜಿಗೆ ಹೇಳಿದರೋ ತಮಗೆ ಹೇಳಿಕೊಂಡರೋ, ಆಗ ನಾನು ನೋಡಿರಲಿಲ್ಲ.

ಗಂಟೆ ಹೊಡೆಯಿತು. ಮುಂದಿನ ವಾರಕ್ಕೆ ಒಂದು ಬರವಣಿಗೆ ಕೊಟ್ಟೆ: ರಾಜಂ ಸ್ವಾಮಿಗೆ ಬರೆಯಬಹುದಾದ ಕಾಗದವನ್ನು ಬರೆದು ತನ್ನಿ.

ಮೂವತ್ತೊಂದು ಕಾಗದಗಳು ಬಂದುವು. ಕನ್ನಡ ಅಧ್ಯಾಪಕನ ಬದುಕಿನಲ್ಲಿ ಓದಬೇಕಾದದ್ದಕ್ಕಿಂತ ತಿದ್ದಬೇಕಾದದ್ದೇ ಹೆಚ್ಚು. ಆ ರಾತ್ರಿ ಕೆಂಪು ಶಾಯಿಯ ಪೆನ್ನು ತೆರೆಯಲೇ ಇಲ್ಲ. ಅರ್ಧಕ್ಕರ್ಧ ಕಾಗದಗಳು ಕ್ಷಮೆಯವು. ಪುಸ್ತಕ ಓದಿದೆ, ಚೆನ್ನಾಗಿದೆ, ರಜೆಗೆ ಬಾ. ಕೆಲವದರಲ್ಲಿ ಕ್ರಿಕೆಟ್ಟು. ಒಬ್ಬ ಹುಡುಗ, ಹೊಸ ಶಾಲೆಯಲ್ಲಿ ಯಾರೂ ಮಾತನಾಡಿಸುವುದಿಲ್ಲ ಎಂದಷ್ಟೇ ಬರೆದು ಸಹಿ ಹಾಕಿದ್ದ. ಅವನು ಬಯಲುಸೀಮೆಯಿಂದ ಬಂದು ಇಲ್ಲಿಯ ವಿದ್ಯಾರ್ಥಿನಿಲಯದಲ್ಲಿದ್ದಾನೆ. ಉತ್ತರ ಬಾರದ ಸಂದೇಶದ ಬಗ್ಗೆ ಹೇಳಿದ್ದ ಹುಡುಗಿ ಕಾಗದ ಬರೆದಿರಲಿಲ್ಲ. ಹಾಳೆಯಲ್ಲಿ ನಾಲ್ಕು ಸಾಲಿತ್ತು: ರಾಜಂ ಬರೆಯಲಿಲ್ಲ, ಬರೆದಿದ್ದರೆ ಕಥೆಗಾರರು ಹೇಳದೆ ಇರುತ್ತಿರಲಿಲ್ಲ, ಆದರೆ ಅವನು ಏನು ಬರೆಯಬೇಕೆಂದು ತುಂಬ ದಿನ ಯೋಚಿಸಿದ್ದಾನೆ, ಯೋಚಿಸುತ್ತಲೇ ದೊಡ್ಡವನಾದ. ಕ್ಷಮಿಸಿ ಸರ್, ನನಗೆ ಕಾಗದ ಬರೆಯಲಾಗಲಿಲ್ಲ.

ಅವಳಿಗೆ ಎಷ್ಟು ಅಂಕ ಕೊಡಬೇಕೆಂದು ನನಗೆ ಇನ್ನೂ ತೋಚಿಲ್ಲ.

ನನ್ನ ಗೆಳೆಯ ಈಗ ಮುಂಬಯಿಯ ಹೊರವಲಯದಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾನೆ. ರಾತ್ರಿಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದನಂತೆ. ನಡುವೆ ಎರಡು ಮೂರು ಸಲ ಗುರುನರಸಿಂಹ ದೇವರ ತೇರಿಗೆ ಬಂದವನು ಜನಜಂಗುಳಿಯಲ್ಲಿ ಸಿಕ್ಕಿದ್ದಾನೆ. ಆತ ನನ್ನನ್ನು ‘ನೀವು’ ಎನ್ನುತ್ತಾನೆ, ಮೇಷ್ಟ್ರಾದೆನಲ್ಲ ಎಂದು. ಅಕ್ಕಿಯ ಧಾರಣೆ, ರೈಲಿನ ಟಿಕೇಟು, ಮಕ್ಕಳ ಓದು — ಇಷ್ಟರಲ್ಲೇ ಮಾತು ಮುಗಿಯುತ್ತದೆ. ಬಬ್ರುವಾಹನನ ಸುದ್ದಿ ಇಬ್ಬರೂ ಎತ್ತಿಲ್ಲ. ಹೋದ ಸಲ ಹೊರಡುವಾಗ ಮಾತ್ರ, ಅಮ್ಮ ಇದ್ದಾರಾ ಎಂದು ಕೇಳಿದ. ಇಲ್ಲ, ತೀರಿಕೊಂಡು ನಾಲ್ಕು ವರ್ಷವಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದಿನ ಕಾಫಿ 

ಕೊಟ್ಟಿದ್ದರು” ಎಂದ. ಅಷ್ಟರಲ್ಲಿ ತೇರು ಎಳೆಯುವ ಕೂಗೆದ್ದಿತು. ನಾನು ಏನೋ ಹೇಳಿದೆ. ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು.

ಬರುವ ತೇರಿಗೆ ಮತ್ತೆ ಬರುತ್ತಾನಂತೆ. ಮೂವತ್ತೊಂದು ಕಾಗದಗಳೂ ನನ್ನ ಮೇಜಿನ ಖಾನೆಯಲ್ಲಿವೆ.